ರೈಟ್ ಅಂದರೆ ಎದುರು

ಹಳೆಯ ಮದುವೆಯ ಆಮಂತ್ರಣದ ಕಾಗದಗಳನ್ನು ನನ್ನ ಹೆಂಡತಿ ಬಿಸಾಡುವುದಿಲ್ಲ. ಯಾರ ಮನೆಯ ಹೆಸರೇನು, ಮದುಮಗಳ ತಾಯಿಯ ಊರು ಯಾವುದು, ಯಾರಿಗೆ ಯಾರು ಏನಾಗಬೇಕು ಎಂಬುದೆಲ್ಲ ಅವುಗಳಲ್ಲಿ ಸಿಗುತ್ತದೆ ಎಂಬುದು ಅವಳ ವಾದ. ಹಾಗಾಗಿ ನಮ್ಮ ಕಪಾಟಿನ ಮೇಲೆ ಒಂದು ಬಟ್ಟೆಯ ಚೀಲದ ತುಂಬ ಅವೇ ಇವೆ. ಹೋದ ತಿಂಗಳು ಯಾವುದೋ ಸಂಬಂಧದ ಎಳೆ ಹುಡುಕಬೇಕಾಗಿ ಬಂದು, ಚೀಲವನ್ನು ಹಾಸಿಗೆಯ ಮೇಲೆ ಸುರಿದು ಒಂದೊಂದನ್ನೇ ನೋಡುತ್ತಿದ್ದವಳು ಒಂದನ್ನು ನನ್ನ ಕಡೆ ಚಾಚಿದಳು.

“ಇದು ಯಾರ ಮದುವೆ? ಅರ್ಧ ಮಾತ್ರ ಉಂಟಲ್ಲ” ಎಂದಳು.

ನಿಜವಾಗಿಯೂ ಅರ್ಧವೇ ಇತ್ತು. ಕತ್ತರಿಯಲ್ಲಿ ನೇರವಾಗಿ ಕತ್ತರಿಸಿದ ತುಂಡು. ಒಂದು ಬದಿಯಲ್ಲಿ ಚಿನ್ನದ ಬಣ್ಣದ ಅಕ್ಷರಗಳಲ್ಲಿ ಯಾರದೋ ಹೆಸರಿನ ಕೊನೆಯ ಭಾಗ, ಸಭಾಭವನದ ವಿಳಾಸದ ಎರಡು ಸಾಲು. ತಿರುಗಿಸಿದರೆ ನೀಲಿ ಮಾರ್ಕರ್ ಪೆನ್ನಿನಲ್ಲಿ ಬಿಡಿಸಿದ ದಪ್ಪ ಬಾಣ, ಕೆಳಗೆ ಮಾಸಿಹೋದ ಒಂದು ಶಬ್ದ. ಮಳೆಗಾಲದ ಬೂಷ್ಟು ಹಿಡಿದು ಹಳೆಯ ಅಂಟಿನ ವಾಸನೆ ಬರುತ್ತಿತ್ತು. ನಾನು ನಿವೃತ್ತನಾದ ದಿನ ಮೇಜಿನ ಖಾನೆಯಿಂದ ತುಂಬಿಕೊಂಡು ತಂದ ಕಾಗದಗಳ ನಡುವೆ ಸೇರಿ ಬಂದಿರಬೇಕು. ಇದು ಮದುವೆಯ ಕಾಗದ ಅಲ್ಲ, ನಮ್ಮ ಶಾಲೆಯ ಕಂಪ್ಯೂಟರ್ ಟೀಚರ ಬಾಣ ಎಂದು ಹೆಂಡತಿಗೆ ಹೇಳಿದೆ. ಅವಳು ನನ್ನ ಮುಖ ನೋಡಿ, ಹೆಚ್ಚು ಕೇಳದೆ, ಮುಂದಿನ ಕಾಗದ ಕೈಗೆತ್ತಿಕೊಂಡಳು.

ನಾನು ಮಂಗಳೂರು ಜೆಪ್ಪುವಿನ ಒಂದು ಸಣ್ಣ ಕನ್ನಡ ಮಾಧ್ಯಮ ಶಾಲೆಯಲ್ಲಿ ಮುಖ್ಯೋಪಾಧ್ಯಾಯನಾಗಿದ್ದೆ. ಅದಕ್ಕೂ ಮೊದಲು ಅಲ್ಲಿಯೇ ಕನ್ನಡ ಮಾಸ್ಟ್ರು. ಹೆಡ್‌ಮಾಸ್ಟ್ರಾದ ಮೇಲೂ ಕನ್ನಡ ಪಾಠ ಬಿಟ್ಟಿರಲಿಲ್ಲ, ಕೆಂಪು ಪೆನ್ನನ್ನೂ ಬಿಟ್ಟಿರಲಿಲ್ಲ. ನೋಟೀಸು ಬೋರ್ಡಿನಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೆ ನನಗೆ ಮಧ್ಯಾಹ್ನದ ಊಟ ರುಚಿಸುತ್ತಿರಲಿಲ್ಲ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಆಡುವ ಮಕ್ಕಳಿಗೆ ಶಾಲೆಯಲ್ಲಾದರೂ ಒಂದು ಶುದ್ಧವಾದ ಕನ್ನಡ ಸಿಗಲಿ ಎಂಬುದು ನನ್ನ ಹಟ. ಇದನ್ನು ದೊಡ್ಡ ಗುಣ ಎಂದು ಆಗ ತಿಳಿದಿದ್ದೆ. ಈಗ ಅಷ್ಟು ಖಚಿತವಿಲ್ಲ.

ಆರು, ಏಳನೆಯ ತರಗತಿಯ ಮಕ್ಕಳಿಗೆ ಕೋಡಿಂಗ್ ಕಲಿಸಬೇಕು ಎಂದು ಆಡಳಿತ ಮಂಡಳಿಯ ಸಭೆಯಲ್ಲಿ ಯಾರೋ ಹೇಳಿದರು. ಎಲ್ಲರೂ ತಲೆಯಾಡಿಸಿದರು. ಕೋಡಿಂಗ್ ಎಂದರೇನೆಂದು ಅಲ್ಲಿದ್ದವರಲ್ಲಿ ಒಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ, ನನಗಂತೂ ಮೊದಲೇ ಇಲ್ಲ. ನಮ್ಮಲ್ಲಿ ಇದ್ದದ್ದು ಎರಡು ಕಂಪ್ಯೂಟರ್. ಒಂದು ಸತ್ತು ಯಾವ ಕಾಲವೋ ಆಗಿತ್ತು. ಇನ್ನೊಂದು ನನ್ನ ಕೋಣೆಯಲ್ಲಿ, ಹೊಲಿಗೆ ಟೀಚರು ಹೊಲಿದುಕೊಟ್ಟ ಹೂವಿನ ಬಟ್ಟೆಯ ಕೆಳಗೆ, ಬಿಸಿಯೂಟದ ಲೆಕ್ಕ ಕಳಿಸುವ ದಿನ ಮಾತ್ರ ಎಚ್ಚರವಾಗುತ್ತಿತ್ತು.

ಅಂಥ ಹೊತ್ತಿನಲ್ಲಿ ಬಂದವರು ಆ ಬಾಣದ ಟೀಚರು. ಬೈಕಂಪಾಡಿಯ ಒಂದು ಗೋದಾಮಿನ ಆಫೀಸಿನಲ್ಲಿ ಕಂಪ್ಯೂಟರಿಗೆ ಸರಕಿನ ವಿವರ ತುಂಬಿಸುವ ಕೆಲಸದಲ್ಲಿದ್ದರು. ವಯಸ್ಸು ನಲವತ್ತು ದಾಟಿತ್ತು. ಗಂಡ ಗಲ್ಫಿನಲ್ಲಿ, ಒಬ್ಬ ಮಗ ಕಾಲೇಜಿನಲ್ಲಿ. ಬಹಳ ಹಿಂದೆ ಟೀಚರ್ ಟ್ರೈನಿಂಗ್ ಮುಗಿಸಿದ್ದರಂತೆ. ಅರ್ಜಿ ಹಾಕಿದಲ್ಲೆಲ್ಲ ಹುದ್ದೆ ಬೇರೆಯವರಿಗಾಗಿ, ಕೊನೆಗೆ ಹೊಟ್ಟೆಪಾಡಿಗೆ ಗೋದಾಮು ಸೇರಿದ್ದು. ವಾರಕ್ಕೆ ಎರಡು ಮಧ್ಯಾಹ್ನ ನಮ್ಮಲ್ಲಿಗೆ ಬರಲು ಒಪ್ಪಿದರು. ಗೌರವಧನದ ಮಾತು ಬಂದಾಗ ಅವರು ಕೇಳಿದ್ದು ಒಂದೇ: ಮಕ್ಕಳ ಹಾಜರಿ ಪುಸ್ತಕದಲ್ಲಿ ತನ್ನ ಪಾಠದ ದಿನ ತಾನೇ ಸಹಿ ಹಾಕಬಹುದೇ ಎಂದು. ಹಾಕಿ ಎಂದೆ. ಅದರಲ್ಲಿ ಇಷ್ಟು ಖುಷಿಪಡುವಂಥದ್ದು ಏನಿತ್ತೋ, ಆವತ್ತು ನನಗೆ ಹೊಳೆಯಲಿಲ್ಲ...

ಮೊದಲ ದಿನ ಅವರು ಕಂಪ್ಯೂಟರಿನ ಹತ್ತಿರವೇ ಸುಳಿಯಲಿಲ್ಲ. ಮಕ್ಕಳನ್ನು ಶಾಲೆಯ ಹಾಲ್‌ಗೆ ಕರೆದುಕೊಂಡು ಹೋಗಿ, ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕ ಚೌಕ ಮನೆಗಳನ್ನು ಎಳೆದರು. ಒಂದು ಮಗು ಯಂತ್ರ. ತನ್ನಷ್ಟಕ್ಕೆ ಅದಕ್ಕೆ ಬುದ್ಧಿಯಿಲ್ಲ, ಹೇಳಿದಷ್ಟು ಮಾಡಬೇಕು. ಉಳಿದವರು ಕಾರ್ಡು ಜೋಡಿಸಿ ಅದನ್ನು ಈ ಮೂಲೆಯಿಂದ ಆ ಮೂಲೆಗೆ ತಲುಪಿಸಬೇಕು. ಕಾರ್ಡುಗಳು ಮದುವೆಯ ಕಾಗದವನ್ನು ಕತ್ತರಿಸಿ ಮಾಡಿದವು. ಒಳ್ಳೆಯ ದಪ್ಪ ಕಾಗದ, ಬೇಕೆಂದರೂ ಅಂಗಡಿಯಲ್ಲಿ ಸಿಗುವುದಿಲ್ಲ ಸರ್, ಎಂದಿದ್ದರು. ಒಂದೊಂದರ ಹಿಂದೆ ಬಾಣ, ಕೆಳಗೆ ಕನ್ನಡ ಲಿಪಿಯಲ್ಲಿ ಇಂಗ್ಲಿಷ್ ಶಬ್ದ: ಫಾರ್ವರ್ಡ್, ಲೆಫ್ಟ್, ರೈಟ್. ಮುಂದೆ ಪರದೆಯ ಮೇಲೆ ಇದೇ ಶಬ್ದ ಕಾಣುತ್ತದೆ, ಈಗಲೇ ರೂಢಿಯಾಗಲಿ ಎಂಬುದು ಲೆಕ್ಕಾಚಾರ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಕುಂಟೆಬಿಲ್ಲೆ ಆಡಿಸಲಿಕ್ಕೆ ಬೈಕಂಪಾಡಿಯಿಂದ ಜನ ಬರಬೇಕಿತ್ತೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಯಂತ್ರವಾಗಿ ನಿಂತವಳು ಆರನೆಯ ತರಗತಿಯ ಒಬ್ಬ ಹುಡುಗಿ. ಅಪ್ಪ ಸಿಟಿ ಬಸ್ಸಿನ ಕಂಡಕ್ಟರ್. ಫಾರ್ವರ್ಡ್ ಎಂದಾಗ ಅವಳು ಸುಮ್ಮನೆ ನಿಂತಳು. ಟೀಚರು ಹಾಗೆಂದರೆ ಒಂದು ಮನೆ ಮುಂದೆ ಎಂದು ವಿವರಿಸಿದ ಮೇಲೆ ನಡೆದಳು. ಮುಂದಿನ ಕಾರ್ಡು ರೈಟ್. ಅದಕ್ಕೆ ವಿವರಣೆ ಬೇಕಾಗಲಿಲ್ಲ. ಹುಡುಗಿ ಸರಸರನೆ ಎದುರಿಗೇ ಒಂದು ಹೆಜ್ಜೆ ಇಟ್ಟಳು. ಟೀಚರು ಇನ್ನೊಮ್ಮೆ ರೈಟ್ ಎಂದರು. ಇನ್ನೊಂದು ಹೆಜ್ಜೆ ಎದುರಿಗೆ.

ಬಲಕ್ಕೆ ತಿರುಗಬೇಕಲ್ಲವಾ ಎಂದು ಅವರು ಕೇಳಿದರೆ ಇಡೀ ತರಗತಿ ಹುಡುಗಿಯ ಪಕ್ಷ ವಹಿಸಿತು. ಮಂಗಳೂರಿನಲ್ಲಿ ಬಸ್ಸು ಹತ್ತಿದ ಎಲ್ಲರಿಗೂ ಇದು ಗೊತ್ತು. ಜನ ಹತ್ತಿ ಇಳಿದು ಆದ ಮೇಲೆ ಕಂಡಕ್ಟರ್ “ರೈಟ್ ಪೋಯಿ” ಎನ್ನುತ್ತಾನೆ, ಬಸ್ಸು ಹೊರಡುತ್ತದೆ. ರೈಟ್ ಎಂದ ಕೂಡಲೇ ಬಸ್ಸನ್ನು ಬಲಕ್ಕೆ ತಿರುಗಿಸಿದ ಡ್ರೈವರನ್ನು ಈ ಊರಿನಲ್ಲಿ ಯಾರೂ ನೋಡಿಲ್ಲ. ಹುಟ್ಟಿದಾಗಿನಿಂದ ದಿನಕ್ಕೆ ಹತ್ತು ಸಲ ಕೇಳಿದ ಶಬ್ದ ಅದು. ಅದರ ಅರ್ಥ ಎದುರು ಹೋಗು ಎಂದು, ಅಷ್ಟೇ.

ನಾನಾಗಿದ್ದರೆ ಅಲ್ಲಿಯೇ ತಿದ್ದುತ್ತಿದ್ದೆ, ಹತ್ತು ಸಲ ಬರೆಸುತ್ತಿದ್ದೆ. ಅವರು ಬಾಯಿಗೆ ಸೆರಗು ಹಿಡಿದು ನಕ್ಕು, ಆಮೇಲೆ ಕರಿಹಲಗೆಯ ಮೇಲೆ ಬರೆದರು: ರೈಟ್ ಅಂದರೆ ಒಂದು ಮನೆ ಎದುರು. ಅದರ ಕೆಳಗೆ: ತಿರುಗಲಿಕ್ಕೆ ಎಡ, ಬಲ. ನಿಲ್ಲಲಿಕ್ಕೆ ಹೋಲ್ಡಾನ್, ಅದೂ ಕಂಡಕ್ಟರನ ಮಾತೇ. ಮಕ್ಕಳು ಕೂಗಿದ ಸದ್ದಿಗೆ ಪಕ್ಕದ ತರಗತಿಯ ಗಣಿತ ಮಾಸ್ಟ್ರು ಎದ್ದು ಬಂದರು.

ಪಾಠ ಮುಗಿದ ಮೇಲೆ ನನ್ನ ಕೋಣೆಗೆ ಕರೆಸಿ, ತಪ್ಪನ್ನು ಬೋರ್ಡಿನ ಮೇಲೆ ಬರೆಯುವುದು ಎಷ್ಟು ಸರಿ ಎಂದು ಕೇಳಿದೆ. ಅವರಿಗೆ ಬೇಸರವಾಗಲಿಲ್ಲ.

“ಶಬ್ದದಲ್ಲಿ ಎಂತ ಉಂಟು ಸರ್? ಹೇಳುವವನಿಗೂ ಕೇಳುವವನಿಗೂ ಅರ್ಥ ಒಂದೇ ಆದ್ರೆ ಸಾಕು. ಕಂಪ್ಯೂಟರಿಗೂ ಅಷ್ಟೇ ಬೇಕಾದ್ದು.”

ಕನ್ನಡ ಮಾಸ್ಟ್ರ ಹತ್ತಿರ ಬಂದು ಶಬ್ದದಲ್ಲಿ ಎಂತ ಉಂಟು ಎಂದು ಕೇಳುವ ಧೈರ್ಯ! ನೋಡೋಣ ಎಂದು ಹೇಳಿ ಕಳಿಸಿದೆ.

ಆಮೇಲಿನ ತಿಂಗಳುಗಳಲ್ಲಿ ಆ ಹಾಲ್ ಬಸ್‌ಸ್ಟ್ಯಾಂಡೇ ಆಯಿತು. ಒಂದು ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದನ್ನು ಅವರು ಟ್ರಿಪ್ ಎಂದು ಕಲಿಸಿದರು: ಜೆಪ್ಪುವಿನಿಂದ ಪಂಪ್‌ವೆಲ್‌ಗೆ ಐದು ಟ್ರಿಪ್, ಆರನೆಯದಕ್ಕೆ ಬಸ್ಸು ಶೆಡ್ಡಿಗೆ. ಹೀಗಾದರೆ ಇದು, ಇಲ್ಲವಾದರೆ ಅದು ಎಂಬುದಕ್ಕೆ ಚೌಕದಲ್ಲಿ ಒಂದು ಸ್ಟೂಲು ಇಟ್ಟರು. ಸ್ಟೂಲು ಎಂದರೆ ಸ್ಟಾಪಿನಲ್ಲಿ ನಿಂತ ಜನ. ಜನ ಉಂಟಾದರೆ ಹೋಲ್ಡಾನ್, ಇಲ್ಲದಿದ್ದರೆ ರೈಟ್. ಎರಡು ಅಂಕೆ ಕೂಡಿಸಲು ಬೆವರುತ್ತಿದ್ದ ಮಕ್ಕಳು ಇಪ್ಪತ್ತು ಕಾರ್ಡುಗಳ ಸಾಲಿನಲ್ಲಿ ಹದಿಮೂರನೆಯದು ತಪ್ಪು ಎಂದು ಬೆರಳಿಟ್ಟು ತೋರಿಸುತ್ತಿದ್ದರು. ತಪ್ಪು ಹುಡುಕಿದವರಿಗೆ ಅವರು ಬಹುಮಾನ ಕೊಡುತ್ತಿರಲಿಲ್ಲ. ತಪ್ಪು ಮಾಡಿದವರ ಕೈಯಲ್ಲೇ ಅದನ್ನು ಹುಡುಕಿಸುತ್ತಿದ್ದರು. ಅದಕ್ಕೋ ಏನೋ, ಅವರ ತರಗತಿಯಲ್ಲಿ ಯಾರೂ ಹೆದರುತ್ತಿರಲಿಲ್ಲ. ನನ್ನ ತರಗತಿಯಲ್ಲಿ ಹೆದರುತ್ತಿದ್ದರು.

ನಂತರ ನಾಲ್ಕು ನಾಲ್ಕು ಮಕ್ಕಳಂತೆ ನನ್ನ ಕೋಣೆಯ ಕಂಪ್ಯೂಟರಿನ ಮುಂದೆ ಕೂರಿಸಿದರು. ಪರದೆಯ ಮೇಲೆ ಒಂದು ಸಣ್ಣ ಗೊಂಬೆ. ಬಣ್ಣದ ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ಅದು ಹೇಳಿದ ಹಾಗೆ ನಡೆಯುತ್ತದೆ. ಕಂಡಕ್ಟರ ಮಗಳು ಅದನ್ನು ನೋಡಿ, ಇದರಲ್ಲಿ ನಮ್ಮ ರೈಟ್ ಇಲ್ಲವಾ ಎಂದು ಕೇಳಿದಳು. ಇಲ್ಲ, ನಾವೇ ಮಾಡಬೇಕು ಎಂದ ಟೀಚರು ಹೊಸ ಪಟ್ಟಿಯೊಂದನ್ನು ಮಾಡುವುದನ್ನು ತೋರಿಸಿದರು. ಅದಕ್ಕೆ ಹುಡುಗಿಯೇ ಹೆಸರು ಟೈಪು ಮಾಡಿದಳು, ಅದರ ಕೆಲಸವೇನೆಂದು ಹೇಳಿಕೊಟ್ಟಳು, ಒತ್ತಿದಳು. ಗೊಂಬೆ ಎದುರಿಗೆ ನಡೆಯಿತು. “ಇದಕ್ಕೂ ಅರ್ಥ ಆಯ್ತು ಟೀಚರ್” ಎಂದಳು. ನಾನು ಬಿಸಿಯೂಟದ ಕಾಗದ ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದೆ. ಯಂತ್ರಕ್ಕೆ ಒಂದು ಮಗು ಹೊಸ ಶಬ್ದ ಕಲಿಸಿದ್ದನ್ನು ಕಣ್ಣಾರೆ ಕಂಡೆ. ನನಗೆ ಸಂತೋಷವೇ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅದನ್ನು ಟೀಚರ ಮುಂದೆ ಹೇಳಲಿಲ್ಲ.

ಎರಡನೆಯ ವರ್ಷದ ನಡುವಿನಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಮುಂದೆ ಬಂದರು. ಹಿಂದೆ ಬೇಕಾದಷ್ಟು ಗದ್ದೆ ಇದ್ದ ಮನೆತನ, ಈಗ ಎರಡು ಮೂರು ಹೋಟೆಲು. ಹತ್ತು ಕಂಪ್ಯೂಟರ್ ಕೊಡಿಸುತ್ತೇನೆ, ಟೀಚರ ಸಂಬಳವನ್ನೂ ಐದು ವರ್ಷ ನಾನೇ ನೋಡಿಕೊಳ್ಳುತ್ತೇನೆ ಎಂದರು. ಒಂದೇ ಮಾತು: ಬೆಂಗಳೂರಿನಿಂದ ತಮ್ಮ ಸಲಹೆಗಾರರು ಬರುತ್ತಾರೆ, ಅವರ ಎದುರು ಒಂದು ಪಾಠ ಆಗಬೇಕು, ಅವರಿಗೆ ಒಪ್ಪಿಗೆಯಾಗಬೇಕು.

ಟೀಚರಿಗೆ ಇದು ಏನೆಂದು ಎಲ್ಲರಿಗೂ ಗೊತ್ತಿತ್ತು. ಒಪ್ಪಿಗೆಯಾದರೆ ಅವರು ಪೂರ್ತಿ ಟೀಚರು, ದಿನಾ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಬಂದು ನಿಲ್ಲುವ ಟೀಚರು. ಅವರು ಕಾಯಲೂ ಇಲ್ಲ. ತಿಂಗಳ ಕೊನೆಗೆ ಬಿಡುತ್ತೇನೆ ಎಂದು ಗೋದಾಮಿಗೆ ಬರೆದುಕೊಟ್ಟೇ ಬಿಟ್ಟರು. ಪಾಠ ಒಂದು ಆಗಲಿ, ಆಮೇಲೆ ಬಿಡಬಹುದಿತ್ತಲ್ಲ ಎಂದು ನಾನು ಹೇಳಿದ್ದಕ್ಕೆ, ಆ ಮಕ್ಕಳ ಮೇಲೆ ನನಗೆ ಡೌಟಿಲ್ಲ ಸರ್ ಎಂದರು.

ಡೌಟು ಇದ್ದದ್ದು ನನಗೆ. ಮಕ್ಕಳ ಮೇಲಲ್ಲ, ಆ ಶಬ್ದದ ಮೇಲೆ. ಬೆಂಗಳೂರಿನಿಂದ ಬರುವ ಮನುಷ್ಯನ ಎದುರು ನಮ್ಮ ಮಕ್ಕಳು ರೈಟ್ ಎಂದರೆ ಎದುರು ಎನ್ನುವುದನ್ನು, ಬೋರ್ಡಿನ ಮೇಲೆ ಹೋಲ್ಡಾನ್ ಎಂದು ಬರೆದಿರುವುದನ್ನು ನೆನೆಸಿಕೊಂಡೇ ನನ್ನ ಕಿವಿ ಬಿಸಿಯಾಯಿತು. ಕನ್ನಡ ಶಾಲೆಯವರಿಗೆ ರೈಟೂ ಲೆಫ್ಟೂ ತಿಳಿಯದು ಎಂದು ನಗುತ್ತಾರೆ. ಹೆಡ್‌ಮಾಸ್ಟ್ರು ಕನ್ನಡ ಮಾಸ್ಟ್ರು ಬೇರೆ! ಪಾಠಕ್ಕೆ ಮೂರು ದಿನ ಇದ್ದಾಗ ಅವರನ್ನು ಕರೆಸಿ, ಬಸ್ಸಿನ ಭಾಷೆಯೆಲ್ಲ ಸಾಕು, ಕಾರ್ಡಿನಲ್ಲಿ ಮೊದಲು ಹೇಗಿತ್ತೋ ಹಾಗೆಯೇ ಫಾರ್ವರ್ಡ್, ಲೆಫ್ಟ್, ರೈಟ್ ಇರಲಿ ಎಂದೆ.

ಅವರ ಮುಖ ಸಣ್ಣದಾಯಿತು. ಒಂದೂವರೆ ವರ್ಷದಿಂದ ಒಂದು ಅರ್ಥ, ಈಗ ಅದೇ ಶಬ್ದಕ್ಕೆ ಇನ್ನೊಂದು ಅರ್ಥ, ಇದನ್ನು ಕಂಪ್ಯೂಟರ್ ಕೂಡ ತಡೆದುಕೊಳ್ಳುವುದಿಲ್ಲ ಎಂದು ವಿವರಿಸಿದರು. ಬೇಕಾದರೆ ಬಂದವರಿಗೆ ಮೊದಲೇ ನಮ್ಮ ಶಬ್ದಗಳ ಪಟ್ಟಿ ಕೊಡೋಣ, ಅದೂ ಪಾಠವೇ ಅಲ್ಲವಾ ಎಂದರು. ನಾನು ಒಪ್ಪಲಿಲ್ಲ.

“ಮೂರು ದಿನದಲ್ಲಿ ಮಕ್ಕಳ ನಾಲಗೆ ತಿರುಗಬಹುದು ಸರ್. ಕಾಲು ತಿರುಗುದಿಲ್ಲ.”

“ತಿರುಗಿಸಿ. ಟೀಚರ್ ಅಂತ ಇರುವುದು ಮತ್ತೆ ಎಂತಕ್ಕೆ?” ಎಂದೆ.

ಆಯ್ತು ಸರ್ ಎಂದು ಹೋದರು. ಮೂರು ದಿನವೂ ಗೋದಾಮಿಗೆ ರಜೆ ಹಾಕಿ ಬಂದು ಮಕ್ಕಳನ್ನು ತಿದ್ದಿದರು. ಹಾಲಿನಿಂದ ಆ ಮೂರು ದಿನ ಗಲಾಟೆ ಕೇಳಿಸಲಿಲ್ಲ. ಶಿಸ್ತು ಬಂತು ಎಂದು ನಾನು ಸಮಾಧಾನಪಟ್ಟುಕೊಂಡೆ.

ಪಾಠದ ದಿನ ಹಾಲಿನ ಒಂದು ತುದಿಗೆ ಮೇಜು ಹಾಕಿ, ಮೇಲೆ ಬಿಳಿ ಬಟ್ಟೆ ಹಾಸಿ, ಕೆತ್ತಿದ ಎಳನೀರಿನ ಬೊಂಡ, ಗೋಳಿಬಜೆ ಎಲ್ಲ ಇಟ್ಟಿದ್ದೆವು. ದಾನಿಗಳು ಬಂದರು, ಸಲಹೆಗಾರರು ಬಂದರು. ಸಲಹೆಗಾರರು ಒಳ್ಳೆಯ ಮನುಷ್ಯರೇ. ಮಕ್ಕಳ ಜತೆ ನೆಲದ ಮೇಲೆಯೇ ಕೂತು ಹೆಸರು ಕೇಳಿದರು. ಟೀಚರು ನೀಲಿ ಅಂಚಿನ ಕಾಟನ್ ಸೀರೆ ಉಟ್ಟಿದ್ದರು. ಚೌಕದ ಮೊದಲ ಮನೆಯಲ್ಲಿ ಕಂಡಕ್ಟರ ಮಗಳೇ ನಿಂತಳು. ಅವಳು ಆಗ ಏಳನೆಯ ತರಗತಿ. ಕಾರ್ಡು ಓದುವುದು ಒಬ್ಬ ಹುಡುಗ ಎಂದು ನಿಗದಿಯಾಗಿತ್ತು. ಅಷ್ಟರಲ್ಲಿ ಸಲಹೆಗಾರರು, ನಾನೇ ಓದಲೇ ಎಂದು ನಗುತ್ತ ಕಾರ್ಡುಗಳನ್ನು ಕೈಗೆ ತೆಗೆದುಕೊಂಡರು.

ಫಾರ್ವರ್ಡ್. ಹುಡುಗಿ ಒಂದು ಮನೆ ನಡೆದಳು. ಫಾರ್ವರ್ಡ್. ಇನ್ನೊಂದು ಮನೆ. ರೈಟ್.

ಅವಳ ಕಾಲು ಎದ್ದಿತು, ಹಾಗೆಯೇ ನಿಂತಿತು. ಅವಳು ಟೀಚರ ಕಡೆ ನೋಡಿದಳು. ಸಲಹೆಗಾರರು ಅವಳಿಗೆ ಕೇಳಿಸಲಿಲ್ಲ ಎಂದು ತಿಳಿದು ಗಟ್ಟಿಯಾಗಿ, ಎರಡೆರಡು ಸಲ, ರೈಟ್, ರೈಟ್ ಎಂದರು. ಬಸ್ಸಿನ ಕಂಡಕ್ಟರ್ ಅವಸರದಲ್ಲಿ ಹೇಳುವುದೂ ಹೀಗೆಯೇ. ಹುಡುಗಿ ಎರಡು ಹೆಜ್ಜೆ ಎದುರಿಗೆ ಹೋದಳು. ಹಿಂದಿನಿಂದ ಅರ್ಧ ಮಕ್ಕಳು ಬಲ ಬಲ ಎಂದು ಕೂಗಿದರು, ಇನ್ನರ್ಧ ಹೋಲ್ಡಾನ್ ಎಂದರು. ಯಾರ ಮಾತು ಕೇಳುವುದೆಂದು ತಿಳಿಯದೆ ಅವಳು ಗಾಬರಿಯಿಂದ ಇನ್ನೂ ಒಂದು ಹೆಜ್ಜೆ ಇಟ್ಟು ಚೌಕದಿಂದ ಹೊರಗೆ ಬಂದು ಮೇಜಿಗೆ ತಾಗಿದಳು. ಬೊಂಡ ಒಂದು ಉರುಳಿ ಬಿಳಿ ಬಟ್ಟೆಯೆಲ್ಲ ಒದ್ದೆಯಾಯಿತು. ದಾನಿಗಳು ನಕ್ಕರು. ಕೆಟ್ಟದಾಗಿ ಅಲ್ಲ, ಮಕ್ಕಳನ್ನು ನೋಡಿ ನಗುವ ಹಾಗೆ.

“ಈ ವಯಸ್ಸಿಗೆ ಲೆಫ್ಟು ರೈಟು ಬರಲ್ವಾ ಮೇಡಂ?” ಎಂದು ಸಲಹೆಗಾರರು ಮೆಲ್ಲಗೆ ಕೇಳಿದರು.

ಟೀಚರು ನನ್ನ ಕಡೆ ನೋಡಿದರು. ನಾನು ಹೇಳಬೇಕಾಗಿದ್ದದ್ದು ಒಂದೇ ವಾಕ್ಯ. ಇವರಿಗೆ ರೈಟ್ ಎಂದರೆ ಬೇರೆ ಅರ್ಥ, ಅದನ್ನು ಮೂರು ದಿನದ ಹಿಂದೆ ಬದಲಿಸಲು ಹೇಳಿದ್ದು ನಾನು, ಎಂದು. ಜೀವಮಾನವೆಲ್ಲ ವಾಕ್ಯ ಕಲಿಸಿದವನ ಬಾಯಿಂದ ಒಂದು ವಾಕ್ಯ ಹೊರಡಲಿಲ್ಲ. ನಾನು ಒದ್ದೆಯಾದ ಬಟ್ಟೆಯನ್ನು ಸರಿಮಾಡುತ್ತ ನಿಂತೆ...

“ಮಕ್ಕಳಿಗೆ ಗೊತ್ತುಂಟು ಸರ್. ಶಬ್ದ ಬದಲಿಸಿದ್ದು ನಾನು” ಎಂದರು ಅವರು.

ಅದು ಸುಳ್ಳಲ್ಲ. ಬದಲಿಸಿದ ಕೈ ಅವರದೇ. ಸಲಹೆಗಾರರಿಗೆ ಅದರಿಂದ ಏನೂ ಅರ್ಥವಾಗಲಿಲ್ಲ, ಅವರು ಹೆಚ್ಚು ಕೇಳಲೂ ಇಲ್ಲ. ಹತ್ತು ಕಂಪ್ಯೂಟರ್ ಕೊಡುವುದು ಖಂಡಿತ, ಆದರೆ ಕಲಿಸಲಿಕ್ಕೆ ತರಬೇತಾದ ಬೇರೆ ಜನವನ್ನು ತಾವೇ ಕಳಿಸುತ್ತೇವೆ ಎಂದು ನಾಲ್ಕು ದಿನದ ಮೇಲೆ ತಿಳಿಸಿದರು. ಶಾಲೆಗೆ ಲಾಭವೇ ಆಯಿತು ಎಂದು ಮಂಡಳಿಯವರು ನನ್ನ ಬೆನ್ನು ತಟ್ಟಿದರು.

ನಡೆದದ್ದರ ಬಗ್ಗೆ ಮಂಡಳಿಗೆ ಒಂದು ವರದಿ ಕೊಡಬೇಕಾಗಿತ್ತು. ಪಾಠ ಯಾಕೆ ಹಾಗಾಯಿತು ಎಂಬ ಕಡೆ ಪೆನ್ನು ನಿಂತಿತು. ನಿಂತದ್ದು ಬಹಳ ಹೊತ್ತೇನೂ ಅಲ್ಲ. “ಶಿಕ್ಷಕಿಯ ಪೂರ್ವತಯಾರಿ ಸಾಲದು” ಎಂದು ಬರೆದೆ. ಒತ್ತಕ್ಷರ ಎಲ್ಲ ಸರಿಯಾಗಿತ್ತು. ಯಾರ ಬಗ್ಗೆ ಬರೆದಿದೆಯೋ ಅವರು ಓದಿ ಸಹಿ ಹಾಕಬೇಕು ಎಂಬುದು ನಮ್ಮ ಶಾಲೆಯ ಕ್ರಮ, ನಾನೇ ತಂದದ್ದು, ನ್ಯಾಯ ಇರಲಿ ಎಂದು. ಹಾಗಾಗಿ ಅವರನ್ನು ಕರೆಸಿದೆ. ಅವರು ನಿಂತುಕೊಂಡೇ ಓದಿದರು. ಎರಡು ಸಲ ಓದಿದರು ಎಂದು ನನಗೆ ನೆನಪು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟು, ಅವರು ಕೇಳಿಕೊಂಡದ್ದು ಇಷ್ಟೇ:

“ಆ ಹುಡುಗಿಗೆ ಬೈಬೇಡಿ ಸರ್.”

ಗೋದಾಮಿನವರು ಅವರನ್ನು ಮತ್ತೆ ತೆಗೆದುಕೊಂಡರು. ಆಫೀಸಿನ ಕುರ್ಚಿಗೆ ಅಷ್ಟರಲ್ಲಿ ಬೇರೆಯವರು ಬಂದಾಗಿತ್ತು. ಇವರನ್ನು ಗೇಟಿನ ಹತ್ತಿರ, ಬಂದ ಲಾರಿ ಹೋದ ಲಾರಿ ಬರೆದುಕೊಳ್ಳುವ ಜಾಗಕ್ಕೆ ಹಾಕಿದರು ಎಂದು ಹೊಲಿಗೆ ಟೀಚರು ಹೇಳಿದ್ದರು. ನಾನು ಹೌದಾ ಎಂದೆ.

ನಿವೃತ್ತನಾದ ಮೇಲೆ ಒಮ್ಮೆ ಅವರನ್ನು ಪಂಪ್‌ವೆಲ್‌ನಲ್ಲಿ ಕಂಡಿದ್ದೆ. ಫ್ಲೈಓವರಿನ ಕೆಳಗೆ ಬಿಸಿಲು ತಪ್ಪಿಸಿ ನಿಂತಿದ್ದವರು ತಾವಾಗಿಯೇ ಹತ್ತಿರ ಬಂದು ಮಾತಾಡಿಸಿದರು. ಮೈ ಬಡವಾಗಿತ್ತು. ಮಕ್ಕಳು ಹೇಗಿದ್ದಾರೆ, ಕಂಪ್ಯೂಟರೆಲ್ಲ ಚಾಲೂ ಉಂಟಾ ಎಂದು ಕೇಳಿದರು. ಉಂಟು, ಹೊಸ ಸರ್ ಕೂಡ ಚುರುಕು ಎಂದೆ. ಒಳ್ಳೆಯದಾಯ್ತು ಎಂದರು. ಆ ಒಂದು ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳತೊಡಗಿದೆ. ಕರ್ತೃ ಸಿಕ್ಕಿತು, ಕರ್ಮ ಸಿಕ್ಕಿತು, ಕ್ರಿಯಾಪದ ಹುಡುಕುವಾಗ ಅವರ ಬಸ್ಸು ಬಂತು. ಬರ್ತೇನೆ ಸರ್ ಎಂದು ಹತ್ತಿದರು. ಕಂಡಕ್ಟರ್ ಏನು ಹೇಳಿ ಬಸ್ಸು ಬಿಟ್ಟ ಎಂಬುದನ್ನು ನಾನಿಲ್ಲಿ ಬರೆಯಬೇಕಾಗಿಲ್ಲ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಪೇಪರಿನ ನಿಧನ ಕಾಲಂನಲ್ಲಿ ಅವರ ಫೋಟೋ ನೋಡಿದೆ. ಬಹಳ ದಿನದಿಂದ ಹುಷಾರಿರಲಿಲ್ಲವಂತೆ. ಫೋಟೋದ ಕೆಳಗೆ ಹೆಸರು, ಅದರ ಕೆಳಗೆ ಒಂದೇ ಶಬ್ದ: ಶಿಕ್ಷಕಿ. ಗೋದಾಮಿನಲ್ಲಿ ದುಡಿದದ್ದು ಹದಿನೈದು ವರ್ಷಕ್ಕೂ ಮೇಲೆ, ನಮ್ಮ ಶಾಲೆಯಲ್ಲಿ ಇದ್ದದ್ದು ಎರಡು ವರ್ಷವೂ ತುಂಬಲಿಲ್ಲ, ಅದೂ ವಾರಕ್ಕೆ ಎರಡು ಮಧ್ಯಾಹ್ನ. ಮನೆಯವರು ಹಾಕಿಸಿದ್ದು ಆ ಶಬ್ದ. ಪೇಪರನ್ನು ಮಡಚಿಟ್ಟೆ, ಮತ್ತೆ ಬಿಡಿಸಿ ನೋಡಿದೆ. ನನಗೆ ನಾಚಿಕೆಯಾಯಿತು. ದುಃಖ ಆಮೇಲೆ ಬಂತು, ಮೊದಲು ನಾಚಿಕೆ.

ಉತ್ತರಕ್ರಿಯೆಯ ಬೊಜ್ಜದ ದಿನ ಬೈಕಂಪಾಡಿಯ ಅವರ ಮನೆಗೆ ಹೋದೆ. ಗಲ್ಫಿನಿಂದ ಬಂದಿದ್ದ ಗಂಡನಿಗೆ ನನ್ನ ಪರಿಚಯ ಹೇಳಿಕೊಂಡಾಗ ಅವರು ಎರಡೂ ಕೈ ಹಿಡಿದುಕೊಂಡರು. “ನಿಮ್ಮ ವಿಷಯ ಯಾವಾಗ್ಲೂ ಹೇಳ್ತಿದ್ಳು ಸರ್. ನನ್ನನ್ನು ಟೀಚರ್ ಮಾಡಿದ್ದು ಅವ್ರು ಅಂತ.” ಎಲೆಯ ಮುಂದೆ ಕೂರಿಸಿ ತಾವೇ ಬಡಿಸಿದರು. ವರದಿಯ ವಿಷಯ ಟೀಚರು ಮನೆಯಲ್ಲಿ ಹೇಳಿಯೇ ಇರಲಿಲ್ಲ. ನಾನೂ ಹೇಳಲಿಲ್ಲ. ಬಡಿಸಿದ್ದನ್ನೆಲ್ಲ ಊಟಮಾಡಿ ಬಂದೆ.

ಹೋದ ತಿಂಗಳು ಆ ಕಾಗದದ ತುಂಡು ಕೈಗೆ ಬಂದ ಮೇಲೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಮರುದಿನವೇ ಶಾಲೆಗೆ ಹೋದೆ. ಈಗ ಅಲ್ಲಿ ಹೆಡ್ ಆಗಿರುವವರು ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಕುರ್ಚಿ ಕೊಟ್ಟು, ಚಾ ತರಿಸಿ, ನಾನು ಕೇಳಿದ ಫೈಲನ್ನು ಹುಡುಕಿ ಕೊಟ್ಟರು. ನನ್ನ ಕಾಲದ ಫೈಲು, ಕಾಗದಗಳೆಲ್ಲ ಕ್ರಮವಾಗಿಯೇ ಇದ್ದವು. ಆ ಹಾಳೆ ಸಿಕ್ಕಿತು. ನನ್ನ ಅಕ್ಷರ, ನನ್ನ ಸಹಿ, ಅದರ ಪಕ್ಕದಲ್ಲಿ ಅವರ ಸಹಿ, ಸ್ವಲ್ಪವೂ ಅಲುಗಾಡದ ದುಂಡು ಅಕ್ಷರ. ಹಾಲಿನಿಂದ ಕಂಪ್ಯೂಟರ್ ತರಗತಿಯ ಮಕ್ಕಳ ಸದ್ದು ಸಣ್ಣಗೆ ಕೇಳುತ್ತಿತ್ತು. ಕಲಿಸಲು ಶುರುಮಾಡಿದ್ದು ಯಾರೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಕ್ಕಿಲ್ಲ. ಗೌರವಧನದವರ ಹೆಸರು ಸಿಬ್ಬಂದಿ ಪಟ್ಟಿಯಲ್ಲಿ ಬರುವುದಿಲ್ಲ. ಇಡೀ ಶಾಲೆಯಲ್ಲಿ ಅವರನ್ನು ಶಿಕ್ಷಕಿ ಎಂದು ಬರೆದಿರುವ ಕಾಗದ ಅದೊಂದೇ ಇರಬೇಕು.

ಇದರಲ್ಲಿ ಒಂದು ಸಾಲು ತಪ್ಪಿದೆ, ತಪ್ಪು ನನ್ನದು, ಅದನ್ನು ಹೊಡೆದುಹಾಕಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು ಎಂದೆ. ಕಿಸೆಯಿಂದ ಪೆನ್ನು ಕೂಡ ತೆಗೆದಿದ್ದೆ. ಹೊಸ ಹೆಡ್ ಹಾಳೆಯನ್ನು ಎರಡು ನಿಮಿಷ ನೋಡಿ, ನನಗೆ ನೋವಾಗಬಾರದೆಂದೋ ಏನೋ, ಬಹಳ ಮೆಲ್ಲಗೆ ಹೇಳಿದರು:

“ತಿದ್ದಬಹುದು ಸರ್. ಆದ್ರೆ ನಿಮ್ಮ ಕಾಲದಿಂದ ಇರುವ ಕ್ರಮ ಅಲ್ವಾ... ಇಬ್ಬರ ಸಹಿಯೂ ಬೇಕು.”